ಹೆಸರುಳ್ಳ ಕೋಳಿ

ಕೋಳಿ ಜೀವಂತವಾಗಿಯೇ ಬಂದಿತ್ತು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ಹೊಸ್ತಿಲಾಚೆ ಒಂದು ಬೆತ್ತದ ಬುಟ್ಟಿ, ಅದರ ಹಿಡಿಗೆ ಹಸಿರು ದಾರದಲ್ಲಿ ಕಟ್ಟಿದ ದಪ್ಪ ಕಾಗದ, ಒಳಗೆ ಕಂದು ಬಣ್ಣದ ಕೋಳಿಯೊಂದು ವರನನ್ನು ನೋಡಲು ಬಂದ ಸೋದರತ್ತೆಯ ಹಾಗೆ ತಲೆ ಓರೆ ಮಾಡಿ ಅವನನ್ನು ಅಳೆಯುತ್ತ ಕೂತಿತ್ತು. ಕಾಗದದಲ್ಲಿ ಮುತ್ತಿನಂಥ ಅಕ್ಷರ. ಹೆಸರು: ಸುಗುಣೆ. ತಾಯಿಯ ಹೆಸರು: ವಿನಯೆ. ಸ್ವಭಾವ: ಗಂಭೀರ, ಆದರೆ ಸ್ನೇಹಶೀಲೆ. ಇಷ್ಟವಾದದ್ದು: ಬೆಳಗಿನ ಬಿಸಿಲು. ಕೆಳಗೆ ಸಣ್ಣಕ್ಷರದಲ್ಲಿ, ನಮ್ಮ ತೋಟದಲ್ಲಿ ಹಿಂಸೆಗೆ ಎಡೆಯಿಲ್ಲವಾದ್ದರಿಂದ ಕೋಳಿಗಳನ್ನು ಜೀವಂತವಾಗಿ ತಲುಪಿಸಲಾಗುವುದು, ಎಂದಿತ್ತು. ಅವನು ಆ ವಾಕ್ಯವನ್ನು ಎರಡು ಸಲ ಓದಿದ. ಕೊಯ್ಯುವ ಕೆಲಸ ತನ್ನ ತಲೆಗೇ ಬಂತೆಂದು ಗೊತ್ತಾದರೂ ಮನಸ್ಸಿನ ಒಂದು ಮೂಲೆ ತಲೆದೂಗಿತು. ಹದಿನಾರು ವರ್ಷದಿಂದ ಪೊಟ್ಟಣಗಳ ಮೇಲಿನ ಮಾತು ಬರೆದೇ ಹೊಟ್ಟೆ ಹೊರೆದವನು ಅವನು. ಹಾಲಿನ ಪೊಟ್ಟಣದ ಮೇಲೆ ಹಸು ನಕ್ಕಿದ್ದು, ಬಿಸ್ಕತ್ತಿನ ಪೊಟ್ಟಣದ ಮೇಲೆ ಅಜ್ಜಿ ನೆನಪಾದದ್ದು ಅವನ ಕೈಯಿಂದಲೇ. ಪಾಪವನ್ನು ಇಷ್ಟು ನಾಜೂಕಾಗಿ ಪರರ ಮನೆ ಬಾಗಿಲಲ್ಲಿಟ್ಟು ಗಂಟೆ ಒತ್ತಿ ಹೋಗುವ ವಾಕ್ಯ ಅವನಿಗೂ ಇದುವರೆಗೆ ಸಿದ್ಧಿಸಿರಲಿಲ್ಲ.

ಸಂಜೆ ಏಳಕ್ಕೆ ಬಳಗ ಬರುವುದಿತ್ತು. ಬಳಗವೆಂದರೆ ಅವನ ಕಚೇರಿಯ ನಿರ್ದೇಶಕಿ, ಆಕೆಯ ಗಂಡ ಹಲ್ಲಿನ ಡಾಕ್ಟರು, ಮತ್ತು ವಾರಕ್ಕೆ ಮೂರು ದಿನ ಉಪವಾಸವಿದ್ದು ಉಳಿದ ನಾಲ್ಕು ದಿನ ಅದರ ಬಗ್ಗೆ ಮಾತಾಡುವುದರಿಂದ ಉಪವಾಸದ ಮೇಡಂ ಎಂದೇ ಹೆಸರಾದ ಹೆಂಗಸು. ತಿಂಗಳಿಗೊಬ್ಬರ ಮನೆಯಲ್ಲಿ ಊಟ. ಊಟಕ್ಕೆ ಮುಂಚೆ ಮನೆಯವನು ಎದ್ದು ನಿಂತು ಬಡಿಸಿದ ಒಂದೊಂದರದ್ದೂ ಮೂಲ ಹೇಳಬೇಕು: ಯಾರು ಬೆಳೆದರು, ಯಾವ ಮಣ್ಣು, ಯಾರಿಗೂ ನೋವಾಗಲಿಲ್ಲವಷ್ಟೆ. ಆಮೇಲೆ ಒಬ್ಬೊಬ್ಬರು ಒಂದೊಂದು ಪ್ರಶ್ನೆ ಕೇಳುತ್ತಾರೆ. ಉತ್ತರ ತಪ್ಪಿದರೆ ಯಾರೂ ಬೈಯುವುದಿಲ್ಲ, ಮುಗುಳ್ನಗುತ್ತಾರೆ, ಅಷ್ಟೆ. ಹೋದ ವರ್ಷ ಮೇಷ್ಟ್ರೊಬ್ಬರು ಅನ್ನ, ಕಾಯಿಪಲ್ಲೆ, ಉಪ್ಪಿನವರೆಗೆ ಎಲ್ಲಕ್ಕೂ ಮೂಲ ಒಪ್ಪಿಸಿ, ಮೇಜಿನ ಮೇಲೆ ಹಾಸಿದ ಬಟ್ಟೆಯನ್ನು ಹೊಲಿದ ಕೈ ಯಾರದೆಂದು ಹೇಳಲಾರದೆ ಸಿಕ್ಕಿಬಿದ್ದಿದ್ದರು. ಅಂದಿನಿಂದ ಅವರು ಮೇಜುಬಟ್ಟೆಯವರು. ಅವರನ್ನು ಯಾರೂ ಊಟಕ್ಕೆ ಕರೆದದ್ದಿಲ್ಲ. ಇವನಿಗೆ ಇದು ಮೊದಲ ಸರದಿ. ಹೆಂಡತಿ ಎರಡು ದಿನ ಮೊದಲೇ ಮಗುವನ್ನು ಎತ್ತಿಕೊಂಡು, ನಿಮ್ಮ ಸಂತೆ ಮುಗಿದ ಮೇಲೆ ಹೇಳಿ ಕಳಿಸಿ ಎಂದು ತಂಗಿಯ ಮನೆಗೆ ಹೋಗಿದ್ದಳು. ಅವಳಿಗೇನು, ಹುಟ್ಟಿದಾಗಿನಿಂದ ಮೇಜಿನ ಮೇಲೆ ಉಂಡವಳು. ಆ ಮೇಜಿಗೆ ತಾನೂ ಒಂದು ಕುರ್ಚಿ ಎಳೆದುಕೊಳ್ಳಬೇಕು, ಯಾರೂ ತಲೆಯೆತ್ತಿ ಇವನೆಲ್ಲಿಯವನು ಅನ್ನಬಾರದು ಎಂದು ಹಲ್ಲು ಕಚ್ಚಿ ಬೆಳೆದವನ ಸಂಕಟ ಅವಳಿಗೆ ಹೇಗೆ ತಿಳಿಯಬೇಕು.

ಅವನು ಕೊಯ್ಯಲು ಪ್ರಯತ್ನಪಡಲಿಲ್ಲವೆಂದಲ್ಲ. ಬಳಗದ ನಿಯಮವೇ ಹಾಗಿತ್ತು, ತಿನ್ನುವವನೇ ಕೈಯೆತ್ತಬೇಕು, ಆ ಭಾರ ಹೊರಬೇಕು. ಅಡುಗೆಮನೆಯ ಹಿಂದಿನ ಸಣ್ಣ ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ, ಹೊಸ ಚಾಕು ಹಿಡಿದು ಕುಕ್ಕರುಗಾಲಲ್ಲಿ ಕೂತ. ಕೋಳಿ ಚಾಕುವನ್ನು ನೋಡಿತು, ಅವನನ್ನು ನೋಡಿತು, ಇವನಿಂದೇನಾದೀತು ಎಂಬಂತೆ ರೆಕ್ಕೆ ಕೊಡವಿ ಮಗ್ಗುಲಾಯಿತು. ಅವನ ಕನ್ನಡಕದ ಮೇಲೆ ಬೆವರು. ದೇವರೇ, ಇದನ್ನು ನನ್ನಿಂದ ಮಾಡಿಸಬೇಡ ಅಂದುಕೊಂಡ. ದೇವರು ಪಾಪದವನು, ಯಾರು ಏನು ಕೇಳಿದರೂ ಮೊದಲು ಕೇಳಿಸಿಕೊಳ್ಳುತ್ತಾನೆ. ಆ ಗಳಿಗೆಯಲ್ಲೇ ಇವನಿಗೆ ಅಕ್ಕನ ನೆನಪಾಯಿತು. ಎಂಟು ತಿಂಗಳಿಂದ ಆಗದ ನೆನಪು. ಫೋನಿನಲ್ಲಿ ಅಕ್ಕನ ಹೆಸರು ಹುಡುಕಲು ಬಹಳ ಕೆಳಕ್ಕೆ ಹೋಗಬೇಕಾಯಿತು.

"ಮಗು ಹುಷಾರಾಗಿದೆಯೇನೋ?" ಎಂದಳು ಅವಳು, ಬೇರೆ ಯಾವ ಕಾರಣಕ್ಕೆ ಇವನು ಫೋನು ಮಾಡಿಯಾನು ಎಂಬ ದನಿಯಲ್ಲಿ.

ಹುಷಾರಾಗಿದೆ, ಒಂದು ಕೋಳಿ ಇದೆ, ಎಂದ. ಅಕ್ಕ ಅಲ್ಲಿ ಯಾರನ್ನೋ ಬಸ್ಸಿನ ಹೊತ್ತು ಕೇಳಿದಳು. ಆಮೇಲೆ, ಹನ್ನೊಂದೂವರೆ ಬಸ್ಸಿಗೆ ಹತ್ತಿದರೆ ಒಂದೂವರೆಗೆ ಬಂದೇನು ಎಂದಳು. ಊಟಕ್ಕೆ ಯಾರು ಬರುತ್ತಾರೆಂದು ಅವಳು ಕೇಳಲಿಲ್ಲ. ನೀನೂ ಇರು ಎಂದು ಅವನು ಹೇಳಲಿಲ್ಲ. ಆರೂ ಕಾಲಿಗೊಂದು ಬಸ್ಸು ವಾಪಸು ಇತ್ತು. ಮೂರು ತಾಸಿನ ಕೆಲಸ, ಆರಕ್ಕೆಲ್ಲ ಅವಳು ಬಸ್‌ಸ್ಟಾಂಡಿನಲ್ಲಿ, ಏಳಕ್ಕೆ ಬಳಗ ಬಾಗಿಲಲ್ಲಿ. ನಡುವೆ ಒಂದು ಗಂಟೆ ಕಿಟಕಿ ತೆರೆದಿಟ್ಟರೆ ಸಾಕು. ಈ ಲೆಕ್ಕಾಚಾರ ತನ್ನೊಳಗೆ ಎಷ್ಟು ಸರಾಗವಾಗಿ ಮುಗಿಯಿತೆಂಬುದಕ್ಕೆ ಅವನಿಗೇ ಒಂದು ಕ್ಷಣ ನಾಚಿಕೆಯಾಯಿತು. ಆದರೆ ಆ ದಿನ ನಾಚಿಕೆಗೆ ಬಿಡುವಿರಲಿಲ್ಲ, ಹೂದಾನಿಯ ಪ್ರಶ್ನೆಯಿತ್ತು. ಕಿತ್ತ ಹೂವು ಹಿಂಸೆ, ಪ್ಲಾಸ್ಟಿಕ್ ಹೂವು ಸುಳ್ಳು. ಕೊನೆಗೆ ಖಾಲಿ ಹೂದಾನಿಯನ್ನೇ ನಡುವೆ ಇಟ್ಟ. ಅದು ಬಹಳ ಅರ್ಥಪೂರ್ಣವಾಗಿ ಕಂಡಿತು.

ಅಕ್ಕ ಬಂದಳು. ಬಟ್ಟೆಯ ಚೀಲ, ಅದರೊಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ಚಾಕು, ಡಬ್ಬಿಯಲ್ಲಿ ದಾರಿಗೆ ಬುತ್ತಿ. ಮೂರು ಮಹಡಿ ಹತ್ತಿದ ಏದುಸಿರು ಅಡಗುವವರೆಗೆ ಗೋಡೆ ಹಿಡಿದು ನಿಂತು, ಕುರ್ಚಿಗಳನ್ನು ನೋಡಿ, ಒಂದನ್ನೂ ಮುಟ್ಟದೆ ನೇರ ಅಡುಗೆಮನೆಗೆ ಹೋದಳು. ಅವಳ ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಕೋಳಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ, ಮಂಜಿನಂಥ ತಣ್ಣನೆ ಕೊಠಡಿಯಲ್ಲಿ, ತಲೆಕೆಳಗಾಗಿ ಸಾಲಿನಲ್ಲಿ ತೂಗುತ್ತ ಬರುವುದರ ಕುತ್ತಿಗೆಗೆ ಒಂದೇ ಒಂದು ಗೀರು ಹಾಕಿ ಮುಂದಕ್ಕೆ ಕಳಿಸುವುದು ಅವಳ ಕೆಲಸ. ಒಂದು ದಿನಕ್ಕೆ ಎಷ್ಟು ಎಂದು ಚಿಕ್ಕಂದಿನಲ್ಲಿ ಅವನು ಕೇಳಿದ್ದಕ್ಕೆ, ಮಳೆಹನಿ ಎಣಿಸ್ತಾರೇನೋ ಎಂದಿದ್ದಳು. ಅವ್ವ ಹೋದಾಗ ಅವನಿಗೆ ನಾಲ್ಕು, ಅವಳಿಗೆ ಹದಿನೇಳು. ಅವನ ಶಾಲೆ, ಅವನ ಚಪ್ಪಲಿ, ಅವನ ಕನ್ನಡಕ, ಕಾಲೇಜಿನ ಹಾಸ್ಟೆಲ್ಲು, ಎಲ್ಲ ಆ ಸಾಲಿನಲ್ಲೇ ತೂಗುತ್ತ ಬಂದದ್ದು. ಪದವಿ ಕೊಡುವ ದಿನ ಅವಳು ಕೆಲಸದಿಂದ ಸೀದಾ ಬಂದಿದ್ದಳು. ತಲೆಗೆ ಎಣ್ಣೆ, ಹೊಸ ಸೀರೆ, ಆದರೂ ಕಿವಿಯ ಹಿಂದೆಲ್ಲೋ ಒಂದು ಸಣ್ಣ ಬಿಳಿ ಪುಕ್ಕ. ಪಕ್ಕದವನು ಯಾರೋ ಅದು ಎಂದದ್ದಕ್ಕೆ ಇವನು, ನಮ್ಮ ಪಕ್ಕದ ಮನೆಯವರು ಎಂದಿದ್ದ. ಅವಳಿಗೆ ಕೇಳಿಸಿರಲಿಕ್ಕಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದು ಇಪ್ಪತ್ತು ವರ್ಷದಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದಾನೆ, ಅಷ್ಟೇ.

ಬುಟ್ಟಿಗೆ ಕಟ್ಟಿದ್ದ ಕಾಗದವನ್ನು ಅಕ್ಕ ಕಣ್ಣಿಗೆ ಹತ್ತಿರ ಹಿಡಿದು, ಅಕ್ಷರ ಅಕ್ಷರ ಕೂಡಿಸಿ ಓದಿದಳು. ಸು-ಗು-ಣೆ. ನಗಲಿಲ್ಲ. ತಾಯಿ ಹೆಸರೂ ಇದೆಯಲ್ಲ ಎಂದು ಮಾತ್ರ ಹೇಳಿ, ಕಾಗದವನ್ನು ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟಳು. ಅವನು ನೋಡಲಾರೆ ಎಂದು ಹೇಳದೆಯೇ ಅವಳಿಗೆ ಗೊತ್ತಾಯಿತು. ಹೋಗು, ಒಂದು ಸುತ್ತು ಹಾಕಿ ಬಾ ಎಂದಳು. ಅವನು ಹೋದ. ರಸ್ತೆಯ ತುದಿಯ ಔಷಧಿ ಅಂಗಡಿ, ಚಪ್ಪಲಿ ಹೊಲಿಯುವವನ ಕೊಡೆ, ಭಾನುವಾರದ ಮುಚ್ಚಿದ ಬ್ಯಾಂಕು, ಎಲ್ಲವನ್ನೂ ಎರಡು ಸಲ ದಾಟಿದ. ಬೇಕೆಂದೇ ಬೆಂಚಿನ ಮೇಲೆ ಕೂತು, ರಾತ್ರಿ ಹೇಳಬೇಕಾದ ಮೂಲಗಳನ್ನು ಬಾಯಿಪಾಠ ಮಾಡಿದ: ಅಕ್ಕಿ ಮೂವರು ವಿಧವೆಯರ ಗದ್ದೆಯದು, ಜೇನು ಹುಳಗಳೇ ತಾವಾಗಿ ಬಿಟ್ಟುಹೋದದ್ದು, ಉಪ್ಪು ಸಮುದ್ರ ಇಷ್ಟಪಟ್ಟು ಕೊಟ್ಟದ್ದು. ಐದು ಗಂಟೆಗೆ ವಾಪಸು ಬಂದರೆ ಒಲೆಯೇ ಹೊತ್ತಿರಲಿಲ್ಲ. ಅಕ್ಕ ಆಗಷ್ಟೇ ಹೊರಗಿನಿಂದ ಬಂದವಳ ಹಾಗೆ ಚಪ್ಪಲಿ ಬಿಡುತ್ತಿದ್ದಳು. ಮೆಣಸು ಇರಲಿಲ್ಲ ನಿಮ್ಮನೇಲಿ, ತರೋಕೆ ಹೋಗಿದ್ದೆ, ಎಂದಳು.

"ಆಯ್ತಾ?" ಎಂದು ಕೇಳಿದ, ಬಾಲ್ಕನಿಯ ಕಡೆ ನೋಡದೆ.

"ಆಗುತ್ತೆ ಬಿಡು."

ಆ ಉತ್ತರದಲ್ಲಿ ಅವನಿಗೆ ಬೇಕಾದಷ್ಟಿತ್ತು, ಹೆಚ್ಚು ಕೆದಕಲಿಲ್ಲ. ಆದರೆ ಹೊತ್ತು ಮೀರಿತ್ತು. ಆರೂ ಕಾಲಿನ ಬಸ್ಸು ಅಕ್ಕನಿಲ್ಲದೆ ಹೊರಟಿತು, ಇನ್ನೊಂದು ಎಂಟಕ್ಕೆ. ಗಂಟೆ ಸದ್ದಾದಾಗ ಅಕ್ಕ ಸೌಟು ಹಿಡಿದು ಒಲೆಯ ಮುಂದಿದ್ದಳು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೊಗೆ ಆ ಕಡೆ ಬರುತ್ತೆ, ಬಾಗಿಲು ಹಾಕಿರ್ತೀನಿ ಎಂದ. ಹಾಕು, ಎಂದಳು ಅಕ್ಕ. ಆ ಮನೆಯಲ್ಲಿ ಹೊರಗೆ ಹೋಗುವ ದಾರಿ ಒಂದೇ, ಊಟದ ಮೇಜಿನ ಪಕ್ಕದಿಂದ. ಬಾಗಿಲು ಎಳೆದುಕೊಂಡ ಮೇಲೆ ಅವನಿಗೆ ಅದು ಹೊಳೆಯಿತು.

ಮೂವರೂ ಬಂದರು, ಚಪ್ಪಲಿಗಳ ಮೂಲ ಹೇಳುತ್ತ ಬಿಟ್ಟರು. ಉಪವಾಸದ ಮೇಡಂ ಗಾಳಿಯನ್ನು ಮೂಸಿ ಕಣ್ಣು ಮುಚ್ಚಿದರು. ಬೆಳಿಗ್ಗೆಯಿಂದ ಬರೀ ನೀರು ಕುಡಿದಿದ್ದೇನೆ, ಹಸಿವಿದ್ದರೇ ಕೃತಜ್ಞತೆ ಹುಟ್ಟುವುದು ಎಂದರು. ಖಾಲಿ ಹೂದಾನಿಯನ್ನು ನಿರ್ದೇಶಕಿ ಬಹಳ ಹೊತ್ತು ನೋಡಿ, ಎಷ್ಟು ಧೈರ್ಯ ಎಂದಳು. ಅವನು ಎದ್ದು ನಿಂತು ಮೂಲ ಹೇಳಿದ. ದನಿ ಮೊದಮೊದಲು ನಡುಗಿದರೂ ವಿಧವೆಯರ ಗದ್ದೆ ದಾಟುವ ಹೊತ್ತಿಗೆ ಹಿಡಿತಕ್ಕೆ ಬಂತು; ಜೇನಿನ ಹತ್ತಿರ ಹಲ್ಲಿನ ಡಾಕ್ಟರು ತಲೆದೂಗಿದರು. ಕೊನೆಗೆ ಆ ದಪ್ಪ ಕಾಗದವನ್ನು ಓದಿ, ತಟ್ಟೆಗಳ ನಡುವೆ ನಿಲ್ಲಿಸಿಟ್ಟ. ಬೆಳಗಿನ ಬಿಸಿಲು ಎಂಬಲ್ಲಿ ಉಪವಾಸದ ಮೇಡಂ ಮೂಗೊರೆಸಿಕೊಂಡರು. ಆಕೆ ಅಕ್ಕಿ ತೊಳೆದ ನೀರೆಲ್ಲಿಗೆ ಹೋಯಿತೆಂದು ಕೇಳಿದರು, ಗಿಡಕ್ಕೆ ಎಂದ. ಡಾಕ್ಟರು ಸೌಟು ಯಾವ ಮರದ್ದೆಂದು ಕೇಳಿದರು, ಗಾಳಿಗೆ ತಾನೇ ಬಿದ್ದ ಮರದ್ದು ಎಂದ. ಉಳಿದದ್ದು ನಿರ್ದೇಶಕಿಯ ಒಂದು ಪ್ರಶ್ನೆ.

"ಸುಗುಣೆಯನ್ನ ಕಳಿಸಿಕೊಟ್ಟವರು ಯಾರು?"

ಬಳಗದಲ್ಲಿ ಕೊಲ್ಲುವುದು ಎಂಬ ಮಾತಿಲ್ಲ.

"ನಾನೇ," ಎಂದ ಅವನು.

ಒಂದು ಪ್ರಶ್ನೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎಲ್ಲರೂ ಕೈಕಟ್ಟಿ ಕಾದರು, ಕಥೆ ಕೇಳಲು ಕೂತ ಮಕ್ಕಳ ಹಾಗೆ. ಅವನು ಹೇಳಿದ. ಎದೆಗೊತ್ತಿಕೊಂಡು ಕಣ್ಣಿಗೆ ಅಂಗೈ ಮುಚ್ಚಿದರೆ ಅದರ ಎದೆಬಡಿತ ನಿಧಾನವಾಗುತ್ತದೆ, ನಿಮ್ಮದೂ ನಿಧಾನವಾಗುತ್ತದೆ, ಎರಡೂ ಒಂದಾದಾಗ ಕೈಯೆತ್ತಬೇಕು, ಆಗ ಅದಕ್ಕೆ ತಿಳಿಯುವುದಿಲ್ಲ. ಆದರೆ ನಿಮ್ಮ ಬೆರಳಿಗೆ ಮಾತ್ರ ಆ ಬಿಸಿ ಮೂರು ದಿನ ಇರುತ್ತದೆ. ಮಾತುಗಳು ಎಲ್ಲಿಂದ ಬರುತ್ತಿವೆಯೆಂದು ಅವನಿಗೆ ಆಮೇಲೆ ಗೊತ್ತಾಯಿತು: ಅವನಿಗೆ ಏಳೋ ಎಂಟೋ ವರ್ಷ, ಒಂದೇ ಕಂಬಳಿ, ಕಾರ್ಖಾನೆಗೆ ಸೇರಿದ ಮೊದಲ ವಾರ ನಿದ್ದೆ ಬಾರದ ಅಕ್ಕ ಚಾವಣಿ ನೋಡುತ್ತ, ಮನೆಯ ಕೋಳಿಯನ್ನು ಅವ್ವ ಹೇಗೆ ಕೊಯ್ಯುತ್ತಿದ್ದಳೆಂದು ಹೇಳಿದ್ದ ಮಾತು; ಇಲ್ಲಿ ಸಾಲು ನಿಲ್ಲೋದಿಲ್ಲ ಕಣೋ, ಎದೆಗೆ ಒತ್ತಿಕೊಳ್ಳೋಕೆ ಬಿಡೋದಿಲ್ಲ, ಎಂದು ಅವಳು ಮಗ್ಗುಲಾಗಿದ್ದಳು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತ್ತು. ನಿರ್ದೇಶಕಿ ಅವನ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಈ ಬಳಗಕ್ಕೆ ನೀವು ಮೊದಲೇ ಬರಬೇಕಿತ್ತು ಎಂದಳು. ಅವನ ಆಯುಷ್ಯದಲ್ಲಿ ಯಾರೂ ಅವನಿಗೆ ಅಷ್ಟು ಹಿತವಾದ ಮಾತು ಆಡಿರಲಿಲ್ಲ.

ಊಟ ಸಾಗಿತು. ಅವನೊಬ್ಬ ಬಡಿಸುತ್ತಲೇ ಇದ್ದ, ಅವನ ತಟ್ಟೆ ಒಣಗುತ್ತಲೇ ಇತ್ತು. ಬರೀ ನೀರು ಕುಡಿದಿದ್ದವರು ಮೂರನೆಯ ಸಲ ಹಾಕಿಸಿಕೊಂಡರು. ಡಾಕ್ಟರು ಒಂದು ತುಂಡನ್ನು ಹಲ್ಲುಗಳಿಗೆಲ್ಲ ಪರಿಚಯ ಮಾಡಿಸಿ ನುಂಗಿ, ಗಮನಿಸಿದಿರಾ, ಪಂಜರದ್ದು ನಾರುನಾರು, ಇದರಲ್ಲಿ ಬಯಲಿನ ಗಾಳಿ ನಾಲಿಗೆಗೆ ಸಿಗುತ್ತೆ ಎಂದರು. ಸ್ವಾತಂತ್ರ್ಯಕ್ಕೊಂದು ರುಚಿಯಿದೆ ಎಂದಳು ನಿರ್ದೇಶಕಿ. ಮಾಡಿದ ಕೈ ಯಾರದು ಎಂದರು ಉಪವಾಸದ ಮೇಡಂ, ಬೆರಳು ನೆಕ್ಕುತ್ತ. ಮೂಲದ ಪ್ರಶ್ನೆಯಲ್ಲ ಅದು, ಬರೀ ಹೊಟ್ಟೆಯ ಪ್ರಶ್ನೆ. ಅದಕ್ಕೆ ನಿಜ ಹೇಳಬಹುದಿತ್ತು.

"ಒಬ್ಬರು ಬಂದು ಮಾಡಿಕೊಡ್ತಾರೆ," ಎಂದು, ಖಾಲಿ ಬಟ್ಟಲು ಎತ್ತಿಕೊಂಡು ಅವನು ಒಳಗೆ ಹೋದ.

ಅಕ್ಕ ಒಲೆ ಒರೆಸಿ, ಕೈ ತೊಳೆದು, ಚೀಲ ಹೆಗಲಿಗೆ ಹಾಕಿ ನಿಂತಿದ್ದಳು. ಎಂಟಕ್ಕೆ ಇಪ್ಪತ್ತು ನಿಮಿಷವಿತ್ತು. ಮೇಜಿನಿಂದ ತಂದ ಎಲುಬುಗಳನ್ನು ಹಾಕಲೆಂದು ಕಸದ ಡಬ್ಬಿಯ ಮುಚ್ಚಳ ಎತ್ತಿದವನು ಹಾಗೇ ನಿಂತ. ಪ್ಲಾಸ್ಟಿಕ್ಕಿನ ಹೊದಿಕೆ, ಒಳಗೆ ಇನ್ನೂ ಕೆಂಪು ನೀರು. ಅದರ ಮೇಲೆ ನೀಲಿ ಆಕಾಶ, ಹಸಿರು ಹುಲ್ಲು, ಹುಲ್ಲಿನ ಮೇಲೆ ಇಳಿಜಾರಾಗಿ ಬರೆದ ಒಂದು ಸಾಲು: ಬಯಲಿನ ಗಾಳಿ ಕುಡಿದು ಬೆಳೆದದ್ದು. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಚಹಾ ಬರುವುದರೊಳಗೆ ಅವನೇ ಬರೆದ ಸಾಲು. ಅಕ್ಕನ ಕಾರ್ಖಾನೆಯ ಮಾಲು ಎಂದು ಗೊತ್ತಿದ್ದೇ ಬರೆದದ್ದು. ಆ ವರ್ಷದ ಒಳ್ಳೆಯ ಸಾಲು ಎಂದು ಕಚೇರಿಯಲ್ಲಿ ಅವನಿಗೊಂದು ಪೆನ್ನು ಕೊಟ್ಟಿದ್ದರು.

ಅಕ್ಕ ಬಾಲ್ಕನಿಯ ಬಾಗಿಲು ತೆರೆದು ಬುಟ್ಟಿಯನ್ನು ಎತ್ತಿಕೊಂಡಳು. ಅದರ ಮೇಲೆ ಚಾಕು ಸುತ್ತಿ ತಂದಿದ್ದ ಟವೆಲು. ಕತ್ತಲೆ ಮಾಡಿದ್ರೆ ಸುಮ್ಮನಿರುತ್ತೆ, ಅಂದಳು.

"ಏನಕ್ಕಾ ಇದು," ಎಂದ, ಪಿಸುದನಿಯಲ್ಲಿ.

"ಕೈಗೆ ತಗೊಂಡೆ ಕಣೋ. ಚಾಕೂ ತಗೊಂಡೆ. ಅಷ್ಟು ವರ್ಷ ಮಾಡಿದೀನಿ, ಒಂದಕ್ಕೂ ಹೆಸರಿರಲಿಲ್ಲ. ಇದಕ್ಕೆ ಹೆಸರಿದೆ, ಇದರ ತಾಯಿ ಹೆಸರೂ ಬರೆದು ಕಳಿಸಿದಾರೆ. ಹೆಸರಿಟ್ಟದ್ದನ್ನ ಹ್ಯಾಗೋ ಕೊಯ್ಲಿ?" ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿ, "ನಿಂಗೆ ಬೈಗುಳ ಬರಬಾರ್ದು ಅಂತ ಮೂಲೆ ಅಂಗಡೀಲಿ ತಂದು ಮಾಡಿದೆ. ಚೆನ್ನಾಗಿದೆ ಅಂದ್ರಲ್ಲ, ಕೇಳಿಸ್ತು," ಎಂದಳು. ಕೇಳಿಸ್ತು ಎಂಬ ಒಂದು ಮಾತಿನಲ್ಲಿ ಸಂಜೆಯಷ್ಟೇ ಅಲ್ಲ, ಆ ಬಿಳಿ ಪುಕ್ಕದ ದಿನವೂ ಇತ್ತೆಂದು ಅವನಿಗೆ ಅನ್ನಿಸಿತು. ಅವಳು ಮಾತ್ರ ಅದನ್ನು ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿ, ಬಾಗಿಲು ದೂಡಿಕೊಂಡು ಹೊರಗೆ ನಡೆದಳು.

ಮೇಜಿನ ಮಾತು ನಿಂತಿತು. ಅಕ್ಕ ಗೋಡೆಗೆ ಒತ್ತಿಕೊಂಡು, ಯಾರ ಕುರ್ಚಿಗೂ ತಾಗದಂತೆ, ಬುಟ್ಟಿಯನ್ನು ಹೊಟ್ಟೆಗೆ ಅವಚಿ ಸಾಗುತ್ತಿದ್ದಳು. ಇವರು...? ಎಂದು ನಿರ್ದೇಶಕಿ ಹುಬ್ಬೇರಿಸಿದಳು, ಬಹಳ ಮೃದುವಾಗಿ. ಅಕ್ಕ ನಿಂತಳು. ಅವನ ಕಡೆ ನೋಡಲಿಲ್ಲ. ಟವೆಲಿನ ಅಂಚು ಸರಿಮಾಡಿದಳು, ಅದು ಸರಿಯಾಗಿಯೇ ಇದ್ದರೂ. ಒಂದು ಮಾತು ಆಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸರಿಮಾಡಿದಳು.

"ಅಡುಗೆಯವರು," ಎಂದ ಅವನು.

ಹೌದು, ಎಂದಳು ಅಕ್ಕ. ಬಾಗಿಲ ಅಗುಳಿಗೆ ಕೈ ಹಾಕಿದಾಗ ಬುಟ್ಟಿ ವಾಲಿತು, ಟವೆಲು ಜಾರಿತು, ಸುಗುಣೆ ತಲೆ ಹೊರಗೆ ಹಾಕಿ ಬೆಳಕನ್ನು ಕಂಡು, ಗಂಭೀರವಾಗಿ ಆದರೆ ಸ್ನೇಹಶೀಲವಾಗಿ, ಒಂದು ಸಲ ಕೂಗಿತು. ಅಕ್ಕ ಬಾಗಿಲು ಮುಂದೆ ಮಾಡಿಕೊಂಡು ಮೆಟ್ಟಿಲಿಳಿದಳು.

ಡಾಕ್ಟರ ಕೈಯಲ್ಲಿ ಎಲುಬೊಂದು ಬಾಯಿಯ ದಾರಿ ಮರೆತು ನಿಂತಿತ್ತು. ನಿರ್ದೇಶಕಿ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡಳು. ದೊಡ್ಡ ಮನೆಯ ಹೆಣ್ಣು, ಇನ್ನೊಬ್ಬರ ಮಾನ ಉಳಿಸುವುದು ಬಲ್ಲವಳು. ಎರಡು ಕೋಳಿ ತರಿಸಿದ್ದಿರಾ, ಒಂದನ್ನು ಆಕೆಗೆ ಕೊಟ್ಟಿರಾ ಎಂದು ಕೇಳಿದಳು. ಪ್ರಶ್ನೆಯೊಳಗೇ ಉತ್ತರವನ್ನು ಬಾಳೆಹಣ್ಣು ಸುಲಿದು ಕೊಟ್ಟಂತೆ ಕೊಟ್ಟಿದ್ದಳು. ಹೂಂ ಎಂದರೆ ಸಾಕು. ಹೂಂ ಎಂದರೆ ಆ ಕುರ್ಚಿ ಅವನದು, ದಾನಿ ಎಂಬ ಹೆಸರು ಮೇಲೆ. ಅವನ ಬಾಯಲ್ಲಿ ಸಾಲು ತಾನಾಗಿ ಕಟ್ಟಿಕೊಳ್ಳತೊಡಗಿತ್ತು, ಇಳಿಜಾರು ಅಕ್ಷರದಲ್ಲಿ, ಹಸಿರು ಹುಲ್ಲಿನ ಮೇಲೆ. ಅವನು ಕೈ ಚಾಚಿ ತಟ್ಟೆಗಳ ನಡುವಿನ ದಪ್ಪ ಕಾಗದವನ್ನು ಎತ್ತಿಕೊಂಡ. ಇದು ಅದರ ಜೊತೆ ಹೋಗಬೇಕಾದದ್ದು ಎಂದು ಯಾರಿಗೋ ಹೇಳಿದ, ಹೇಳಿ ಬರಿಗಾಲಲ್ಲಿ ಇಳಿದ.

ಎರಡನೆಯ ಮಹಡಿಯ ತಿರುವಿನಲ್ಲಿ ಅಕ್ಕ ದಣಿವಾರಿಸಿಕೊಳ್ಳಲು ಕೂತಿದ್ದಳು, ಪಕ್ಕದಲ್ಲಿ ಬುಟ್ಟಿ. ಅವನು ಕಾಗದ ಚಾಚಿದ. ಅವಳು ಅದನ್ನು ತೆಗೆದುಕೊಂಡು, ಮಡಿಸಿ, ಕುಪ್ಪಸದೊಳಗಿಟ್ಟುಕೊಂಡಳು.

"ಊಟ ಮಾಡಿದ್ಯೇನೋ?" ಎಂದಳು ಅಕ್ಕ.

"ಇಲ್ಲ."

ಅವಳು ಅವನ ಮುಖವನ್ನು ಅರೆಕ್ಷಣ ನೋಡಿ ಚೀಲದಿಂದ ಬುತ್ತಿಯ ಡಬ್ಬಿ ತೆಗೆದಳು. ಅವನು ಒಂದು ಮೆಟ್ಟಿಲು ಕೆಳಗೆ ಕೂತ. ಅಕ್ಕ ಮಡಚದ ಬೆರಳುಗಳಿಂದಲೇ ಅನ್ನ ಕಲಸಿ ಅವನ ಅಂಗೈಗೆ ಹಾಕಿದಳು. ಅಕ್ಕಿ ಯಾವ ಗದ್ದೆಯದೋ ಏನೋ. ಮೇಲೆ ಕುರ್ಚಿಗಳು ಸರಿದವು, ಚಪ್ಪಲಿಗಳು ಕಾಲು ಹುಡುಕಿದವು, ಮೂವರೂ ಸಾಲಾಗಿ ಇಳಿದು ಬಂದು ತಿರುವಿನಲ್ಲಿ ನಿಂತರು. ಇಳಿಯುವ ದಾರಿ ತುಂಬ ಅವನು, ಅಕ್ಕ, ಮತ್ತು ಕೋಳಿ.

"ಇದು ಅದೇ ಸುಗುಣೆ," ಎಂದ ಅವನು, ಬಾಯಿ ತುಂಬ ಅನ್ನವಿಟ್ಟುಕೊಂಡು. "ಇವಳು ನಮ್ಮಕ್ಕ. ಪಕ್ಕದ ಮನೆಯವಳಲ್ಲ."

ಪಕ್ಕದ ಮನೆಯ ಮಾತು ಅವರಿಗೆ ಅರ್ಥವಾಗಲಿಲ್ಲ. ಅಕ್ಕನ ಕೈ ಮಾತ್ರ ಡಬ್ಬಿಯೊಳಗೆ ಒಂದು ಕ್ಷಣ ಹಾಗೇ ನಿಂತಿತು. ಎಲ್ಲರ ಹಿಂದಿನಿಂದ ಉಪವಾಸದ ಮೇಡಂ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಸಣ್ಣ ದನಿಯಲ್ಲಿ ಕೇಳಿದರು:

"ಹಾಗಾದ್ರೆ ನಾವು ತಿಂದಿದ್ದು ಯಾರನ್ನ?"

"ಹೆಸರಿಲ್ಲದ್ದನ್ನಮ್ಮ," ಎಂದು ಅಕ್ಕ ತಮ್ಮನ ಅಂಗೈಗೆ ಇನ್ನೊಂದು ತುತ್ತು ಹಾಕಿದಳು.